ಎರಡು ತುದಿಯ ಸೀಸ

ಹೋದ ತಿಂಗಳು ಲಕ್ಷ್ಮೀಪುರಂನ ನಮ್ಮ ಮನೆಯ ಹಿತ್ತಿಲಲ್ಲಿ ಹಳೆಯ ಕಬ್ಬಿಣದ ಪೈಪು ಸೋರತೊಡಗಿತ್ತು. ರಿಪೇರಿಗೆ ಬಂದ ಪ್ಲಂಬರು ವಯಸ್ಸಾದವನು. ಸಂದಿಗೆ ಸೀಸ ಹುಯ್ಯದೆ ಇದು ನಿಲ್ಲುವುದಿಲ್ಲ ಎಂದು ಹೇಳಿ ಪಂಪ್ ಸ್ಟೌ ಹಚ್ಚಿ, ಕಬ್ಬಿಣದ ಸೌಟಿನಲ್ಲಿ ಸೀಸದ ತುಂಡುಗಳನ್ನು ಇಟ್ಟ. ಅದು ಕರಗಿ ಮೇಲೆ ಬೂದಿ ಬಣ್ಣದ ಕೆನೆ ಕಟ್ಟಿದಾಗ ಒಂದು ಚೂರು ಮೇಣ ಹಾಕಿದ. ಬುಸ್ಸೆಂದು ಹೊಗೆ ಎದ್ದಿತು.

"ಒಳಗೋಗಿ ಸಾರ್, ಈ ಹೊಗೆ ಒಳ್ಳೇದಲ್ಲ," ಎಂದ.

ನಾನು ಹೋಗಲಿಲ್ಲ. ಸುಟ್ಟ ಮೇಣ, ಕಾದ ಲೋಹ, ನಾಲಿಗೆಯ ಮೇಲೆ ಬಂದು ಕೂರುವ ಒಂದು ಸಿಹಿಸಿಹಿ ಕಹಿ... ಆ ವಾಸನೆ ಮೂಗಿಗೆ ಬಿದ್ದು ನಲವತ್ತೈದು ವರ್ಷಗಳ ಮೇಲಾಗಿತ್ತು. ಕೈಯಲ್ಲಿದ್ದ ಪೇಪರು ಮಡಿಚಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಮ್ಮ ಎದುರುಮನೆಯ ಮೇಸ್ತ್ರಿಯ ವಾಸನೆ ಅದು.

ಆಗ ನಾವು ನಜರ್‌ಬಾದಿನ ಒಂದು ಗಲ್ಲಿಯಲ್ಲಿದ್ದೆವು. ಅಪ್ಪ ಹಳ್ಳಿಯಲ್ಲಿ ತನ್ನ ಪಾಲಿಗೆ ಬಂದ ತುಂಡು ಹೊಲವನ್ನು ಅಣ್ಣನಿಗೆ ಬಿಟ್ಟು ಮೈಸೂರಿಗೆ ಬಂದು, ಬೆಟ್ಟದ ದಿಕ್ಕಿಗಿದ್ದ ಒಂದು ಗಾಲ್ಫ್ ಮೈದಾನದಲ್ಲಿ ಕೆಲಸಕ್ಕೆ ಸೇರಿದ್ದರು. ಆ ಮೈದಾನ ಈಗಿಲ್ಲ, ಮನೆಗಳಾಗಿವೆ. ಗಾಲ್ಫ್ ಎಂದರೆ ಹಸಿರು ಹುಲ್ಲು ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಚೆಂಡು ಬೀಳಬೇಕಾದ ಗುಳಿಯ ಸುತ್ತ ಹುಲ್ಲಿರಲಿಲ್ಲ. ಎಣ್ಣೆ ಬೆರೆಸಿದ ಕಂದು ಮರಳನ್ನು ದೊಡ್ಡ ಕಣದಷ್ಟು ಅಗಲಕ್ಕೆ ಹಾಸಿರುತ್ತಿದ್ದರು. ಒಬ್ಬ ಆಡಿ ಹೋದ ಮೇಲೆ ಹೆಜ್ಜೆ ಗುರುತನ್ನೆಲ್ಲ ಉದ್ದನೆಯ ಹಲಗೆಯಿಂದ ಎಳೆದು ಸಮ ಮಾಡಬೇಕು. ಅಪ್ಪನದು ಆ ಹಲಗೆ ಎಳೆಯುವ ಕೆಲಸ. ಬೆಳಗಿನಿಂದ ಸಂಜೆವರೆಗೆ ದೊಡ್ಡವರ ಹೆಜ್ಜೆ ಅಳಿಸುವುದು.

ಮೇಸ್ತ್ರಿಯ ಕೆಲಸ ಅದೇ ಮೈದಾನದ ಮೂಲೆಯ ತಗಡಿನ ಶೆಡ್ಡಿನಲ್ಲಿ. ಮುರಿದ ಗಾಲ್ಫ್ ಕೋಲುಗಳಿಗೆ ಹಿಡಿ ಹಾಕುವುದು, ಚರ್ಮ ಸುತ್ತುವುದು, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದು. ಆದರೆ ಅವರ ಹೆಸರಿದ್ದದ್ದು ಪಟರ್ ಎನ್ನುವ ಗಿಡ್ಡ ಕೋಲಿನಲ್ಲಿ. ಚೆಂಡು ಗುಳಿಯ ಹತ್ತಿರ ಬಂದ ಮೇಲೆ ಅದನ್ನು ಮೆಲ್ಲಗೆ ತಳ್ಳುವ ಕೋಲು ಅದು. ಅದರ ತೂಕವನ್ನು ಹಿಡಿಯುವವನ ಕೈಗೆ ತಕ್ಕಂತೆ ಕೂಡಿಸಿ ಕಳೆದು ಕೊಡುವುದರಲ್ಲಿ ಅವರಂಥವರು ಬೆಂಗಳೂರಿನಲ್ಲೂ ಇಲ್ಲ ಎನ್ನುತ್ತಿದ್ದರು. ಮೇಸ್ತ್ರಿಗೆ ಈ ವಿದ್ಯೆ ಕಲಿಸಿದವನು ಯಾವನೋ ಇಂಗ್ಲಿಷ್ ದೊರೆಯಂತೆ. ಸ್ವಾತಂತ್ರ್ಯ ಬಂದು ಬಿಳಿಯರೆಲ್ಲ ಹಡಗು ಹತ್ತುವಾಗ ಕೋಲುಗಳನ್ನು ಇಲ್ಲಿನವರಿಗೆ ಕೊಟ್ಟು ಹೋದರು. ಆರಡಿ ಆಳಿನ ಕೈಗೆ ಹೊಂದಿಸಿದ್ದ ಕೋಲು ನಮ್ಮ ಡಾಕ್ಟರು, ವಕೀಲರ ಕೈಗೆ ಹೇಗೆ ಹೊಂದೀತು? ಹಾಗಾಗಿ ಏಳೆಂಟು ವರ್ಷ ಮೇಸ್ತ್ರಿಗೆ ಪುರುಸೊತ್ತೇ ಇರಲಿಲ್ಲ.

ಗಿಡ್ಡ ಆಳು. ಖಾಕಿ ಅಂಗಿ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ಎಡಗೈ ಹೆಬ್ಬೆರಳಿನ ಉಗುರು ಸೀಸದಲ್ಲಿ ಸುಟ್ಟು ಹೋಗಿ ಮತ್ತೆ ಬಂದೇ ಇರಲಿಲ್ಲ. ಓದು ಬರಹ ಇಲ್ಲ. ನಾನು ಅವರನ್ನು ಮಾವ ಎಂದು ಕರೆಯುತ್ತಿದ್ದೆ. ನಂಟಸ್ತಿಕೆ ಏನಿರಲಿಲ್ಲ, ಎದುರುಮನೆ ಅಷ್ಟೇ. ಅವರಿಗೆ ಒಬ್ಬಳೇ ಮಗಳು, ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಅವರು ಕೆಲಸ ಮಾಡುತ್ತಿದ್ದ ರೀತಿ ಬೇರೆ ಎಲ್ಲೂ ನಾನು ಕಂಡಿಲ್ಲ. ಪಟರ್ ಹೊಂದಿಸಿಕೊಡಿ ಎಂದು ಯಾರಾದರೂ ಬಂದರೆ ಮೊದಲು ಕೋಲನ್ನು ನೋಡುತ್ತಿರಲಿಲ್ಲ. ಶೆಡ್ಡಿನ ಮುಂದೆ ಒಂದು ನಲ್ಲಿ, ಅದರ ಪಕ್ಕ ಒಂದು ಹಿತ್ತಾಳೆ ಚೊಂಬು. "ಸ್ವಾಮಿ, ಒಂದ್ ಚೊಂಬು ನೀರು ತುಂಬ್ಸಿ ತಂದ್ಕೊಡಿ," ಎನ್ನುತ್ತಿದ್ದರು. ಎಂಥ ದೊಡ್ಡ ಅಧಿಕಾರಿಯಾದರೂ ಸರಿ, ಚೊಂಬು ಹಿಡಿದು ಇಪ್ಪತ್ತು ಹೆಜ್ಜೆ ನಡೆದು ಬರಬೇಕು. ಮೇಸ್ತ್ರಿ ನೀರು ನೋಡುತ್ತಿದ್ದರು. ಯಾವ ಕಡೆ ತುಳುಕಿತು, ಹೆಜ್ಜೆಗೆ ತುಳುಕಿತೋ ಮಣಿಕಟ್ಟಿಗೆ ತುಳುಕಿತೋ... ಆಮೇಲೆ ಸೀಸದ ಸಣ್ಣ ಬಿಲ್ಲೆಗಳನ್ನು ಕೋಲಿನ ತಲೆಯ ಬೆನ್ನಿಗೆ ಅರಗಿನಲ್ಲಿ ಹಂಗಾಮಿಯಾಗಿ ಅಂಟಿಸಿ, ಒಂದು ವಾರ ಆಡಿ ಬನ್ನಿ ಎಂದು ಕಳಿಸುತ್ತಿದ್ದರು. ಬಂದ ಮೇಲೆ ಒಂದು ಬಿಲ್ಲೆ ಕೀಳುವುದು, ಅರ್ಧ ಬಿಲ್ಲೆ ಅಂಟಿಸುವುದು. ಹೀಗೆ ತಿಂಗಳಾದರೂ ಆಗಬಹುದು. ಕೊನೆಗೆ ಒಂದು ದಿನ ಸೀಸ ಕಾಯಿಸಿ ಹುಯ್ದರೆ ಮುಗಿಯಿತು, ಆ ಕೋಲು ಮತ್ತೆ ಅವರ ಹತ್ತಿರ ಬರುತ್ತಿರಲಿಲ್ಲ.

"ತೂಕ ತಕ್ಕಡೀಲಿರ್ತದೆ ಕಣಪ್ಪ," ಎಂದು ಒಮ್ಮೆ ನನಗೆ ಹೇಳಿದ್ದರು. "ಕೈಗೆ ಬರೋದೇ ಬೇರೆ. ಅದುಕ್ ಎಸರಿಲ್ಲ."

ಹೆಸರಿಲ್ಲದ್ದು ಏನಿರುತ್ತದೆ ಎಂದು ನನಗೆ ಒಳಗೊಳಗೇ ನಗು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಭೌತಶಾಸ್ತ್ರ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ಮನೆಯಲ್ಲಿ ಓದಲು ಮೂಲೆಯಿಲ್ಲದೆ, ಮಧ್ಯಾಹ್ನ ಉಚಿತ ಊಟದ ಮನೆಯಲ್ಲಿ ಸಾಲು ನಿಂತು, ಬೀದಿ ದೀಪ ಹತ್ತುವವರೆಗೂ ಲೈಬ್ರರಿಯಲ್ಲಿ ಕೂತು, ಇಂಗ್ಲಿಷ್ ಪುಸ್ತಕದ ಒಂದೊಂದು ಸಾಲನ್ನೂ ಮೂರು ಸಲ ಓದಿ ಸಂಪಾದಿಸಿದ್ದು ಅದು. ಇವತ್ತಿಗೂ ಆ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಇದೆ. ಮುಚ್ಚಿಡುವುದಿಲ್ಲ. ಆಗ ಇನ್ನೂ ಪಾಸಾಗಿರದಿದ್ದರೂ ಗಲ್ಲಿಯವರೆಲ್ಲ ನನ್ನನ್ನು "ಬಿಯೆಸ್ಸಿ" ಎಂದೇ ಕೂಗುತ್ತಿದ್ದರು. ಯಾರಿಗೆ ಕಾಗದ ಬಂದರೂ ನನ್ನ ಬಳಿ. ಮಗುವಿಗೆ ಔಷಧಿ ಎಷ್ಟು ಹಾಕಬೇಕು ಎಂಬುದಕ್ಕೂ ನನ್ನ ಬಳಿ. ನಾನೂ ಹೇಳುತ್ತಿದ್ದೆ. ಗೊತ್ತಿದ್ದದ್ದನ್ನೂ, ಅಷ್ಟಾಗಿ ಗೊತ್ತಿಲ್ಲದ್ದನ್ನೂ.

ಆ ಹೊತ್ತಿಗೆ ಮೈದಾನಕ್ಕೆ ಹೊಸ ಸೆಕ್ರೆಟರಿ ಬಂದಿದ್ದರು. ಮಿಲಿಟರಿಯಿಂದ ನಿವೃತ್ತರಾದವರು, ಕೆಟ್ಟವರೇನಲ್ಲ, ಚುರುಕಿನ ಮನುಷ್ಯ. ಬೊಂಬಾಯಿಯಿಂದ ಹೊಸ ಕೋಲುಗಳು ಸಿದ್ಧವಾಗಿಯೇ ಬರುತ್ತಿರುವಾಗ ಈ ಶೆಡ್ಡು, ಒಲೆ, ಹೊಗೆ ಎಲ್ಲ ಯಾಕೆ ಎಂಬುದು ಅವರ ಪ್ರಶ್ನೆ. ಕಮಿಟಿಯಲ್ಲಿ ಬಹಳಷ್ಟು ಜನ ತಲೆಯಾಡಿಸಿದರು. ಒಬ್ಬರು ಮಾತ್ರ ಒಪ್ಪಲಿಲ್ಲ, ನಿವೃತ್ತ ಜಡ್ಜ್ ಸಾಹೇಬರು.

ಜಡ್ಜ್ ಸಾಹೇಬರಿಗೆ ಒಂದೆರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ದೂರ ಹೊಡೆಯುವಾಗ ಅಷ್ಟು ತೊಂದರೆ ಇಲ್ಲ. ಗುಳಿಯ ಬಳಿ ಬಂದು ಮೆಲ್ಲಗೆ ತಳ್ಳಬೇಕಾದಾಗ ಕೋಲಿನ ತಲೆ ಕೋಳಿ ಕುಕ್ಕಿದ ಹಾಗೆ ಆಡುತ್ತಿತ್ತು. ಮೇಸ್ತ್ರಿ ಅವರಿಗೂ ಚೊಂಬು ಹಿಡಿಸಿದರು. ಅರ್ಧ ನೀರು ಚೆಲ್ಲಿತಂತೆ. ಮೇಸ್ತ್ರಿ ಒಂದು ವಾರ ಯೋಚನೆ ಮಾಡಿ, ಅದುವರೆಗೆ ಯಾರಿಗೂ ಮಾಡಿರದ ಒಂದು ಕೆಲಸ ಮಾಡಿದರು. ಕೋಲಿನ ತಲೆಯ ಬೆನ್ನಿಗೆ ಹನ್ನೆರಡು ತೊಲ ಸೀಸದ ಪಟ್ಟಿ ಕೂರಿಸಿದರು. ಅದು ಸಾಲದು ಎಂದು ಕೋಲಿನ ಮೇಲ್ತುದಿಯ ಚರ್ಮ ಬಿಚ್ಚಿ, ಟೊಳ್ಳಾದ ಉಕ್ಕಿನ ಕೊಳವೆಯೊಳಗೆ ಐದು ತೊಲದ ಸೀಸದ ಕಡ್ಡಿ ಇಳಿಸಿ ಅರಗು ಹಾಕಿ ಮುಚ್ಚಿದರು. ಎರಡು ತುದಿಗೂ ಭಾರ. ಜಡ್ಜ್ ಸಾಹೇಬರು ಅದನ್ನು ಹಿಡಿದು ಶೆಡ್ಡಿನ ಮುಂದಿನ ಮರಳಿನಲ್ಲಿ ಮೂರು ಚೆಂಡು ತಳ್ಳಿದರು. ಮೂರೂ ಗುಳಿಗೆ ಬಿದ್ದವು. ಅಪ್ಪ ಪಕ್ಕದಲ್ಲೇ ಹಲಗೆ ಹಿಡಿದು ನಿಂತಿದ್ದರಂತೆ. "ಕಣ್ಣಲ್ಲಿ ನೀರು ಬಂದ್ಬುಡ್ತು ಕಣ್ಲಾ ಆವಯ್ಯಂಗೆ," ಎಂದು ಸಂಜೆ ನನಗೆ ಹೇಳಿದರು.

ವಿಷಯ ಸೆಕ್ರೆಟರಿಯ ಕಿವಿಗೆ ಬಿತ್ತು. ಅವರು ಶೆಡ್ಡಿಗೆ ಬಂದು ಆ ಪಟರನ್ನು ಎತ್ತಿ ನೋಡಿ ನಕ್ಕುಬಿಟ್ಟರು.

"ಏನಯ್ಯ ಮೇಸ್ತ್ರಿ, ಇದು ಗಾಲ್ಫ್ ಆಡೋಕೋ, ಗುಂಡಿ ತೋಡೋಕೋ? ಗುದ್ದಲಿ ಇದ್ದಂಗಿದೆಯಲ್ಲಯ್ಯ!"

ಜೊತೆಗಿದ್ದವರೂ ನಕ್ಕರು. ಆಮೇಲೆ ಸೆಕ್ರೆಟರಿ ಒಂದು ಮಾತು ಹೇಳಿದರು. ಬರುವ ಭಾನುವಾರ ಮೆಂಬರುಗಳ ಪಂದ್ಯ ಇದೆ. ಜಡ್ಜ್ ಸಾಹೇಬರು ಈ ಕೋಲು ಹಿಡಿದು ಸರಿಯಾಗಿ ಆಡಿಬಿಟ್ಟರೆ ಶೆಡ್ಡು ಇರಲಿ, ನಾನು ಬಾಯಿ ಮುಚ್ಚುತ್ತೇನೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ. ಜಡ್ಜ್ ಸಾಹೇಬರೂ ಒಪ್ಪಿಕೊಂಡರು.

ಮೇಸ್ತ್ರಿ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗುದ್ದಲಿ ಎಂಬ ಮಾತು ಅವರನ್ನು ಕೊರೆಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಅವರ ಕೋಲನ್ನು ನೋಡಿ ಯಾರೂ ನಕ್ಕಿರಲಿಲ್ಲ. ಶುಕ್ರವಾರ ಸಂಜೆ ಕೋಲನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಕಾಫಿಯನ್ನೂ ಮುಟ್ಟದೆ, ನನ್ನನ್ನು ಕರೆದರು.

"ಬಿಯೆಸ್ಸಿ, ಒಂದು ಲೆಕ್ಕ ಹಾಕ್ಕೊಡಪ್ಪ. ಇದು ಭಾರ ಜಾಸ್ತಿ ಅಂತಾವ್ರೆ. ಇದರ ಹದ ಕೆಡ್ದಂಗೆ ಭಾರ ಇಳ್ಸೋಕಾಗ್ತದಾ?"

ನನ್ನನ್ನು ಯಾರಾದರೂ ಹೀಗೆ ಕೇಳಲಿ ಎಂದೇ ಕಾಯುತ್ತಿದ್ದೆನೋ ಏನೋ. ನೋಟ್‌ಬುಕ್ ತಂದೆ. ಕೋಲನ್ನು ಅಮ್ಮನ ಈಳಿಗೆಮಣೆಯ ಅಲಗಿನ ಬೆನ್ನ ಮೇಲೆ ಅಡ್ಡ ಇಟ್ಟು, ಎಲ್ಲಿ ತೂಗಿ ನಿಲ್ಲುತ್ತದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಗುರುತಿನಿಂದ ತಲೆಯ ಸೀಸಕ್ಕೆ ಹತ್ತು ಅಂಗುಲ. ಮೇಲ್ತುದಿಯ ಸೀಸಕ್ಕೆ ಇಪ್ಪತ್ತನಾಲ್ಕು ಅಂಗುಲ. ಹನ್ನೆರಡು ಹತ್ತಲೆ ನೂರಿಪ್ಪತ್ತು. ಐದು ಇಪ್ಪತ್ತನಾಲ್ಕಲೆ ನೂರಿಪ್ಪತ್ತು. ಎರಡೂ ಕಡೆ ಸರಿಸಮ! ನನಗೆ ಮೈ ಜುಮ್ಮೆಂದಿತು. ಓದು ಬಾರದ ಈ ಮನುಷ್ಯ ಬರೀ ಕೈಯಳತೆಯಲ್ಲಿ ಇಷ್ಟು ಕರಾರುವಾಕ್ಕಾಗಿ ಹೇಗೆ ಹಾಕಿದರು ಎಂದು ಅಲ್ಲೇ ಒಂದು ಗಳಿಗೆ ಬೆರಗಾಗಬೇಕಿತ್ತು ನಾನು. ಆಗಲಿಲ್ಲ. ನನಗೆ ಬೆರಗಾದದ್ದು ನನ್ನ ಲೆಕ್ಕ ಕೂಡಿಬಂದದ್ದಕ್ಕೆ.

"ಮಾವ, ಈ ಎರಡು ಸೀಸಾನೂ ಒಂದನ್ನೊಂದು ಹೊಡೆದುಹಾಕ್ತವೆ. ಎರಡನ್ನೂ ತೆಗೆದುಬಿಟ್ರೂ ಕೋಲು ಇದೇ ಗುರುತಿನ ಮೇಲೇ ನಿಲ್ಲುತ್ತೆ. ಸುಮ್ನೆ ಹದಿನೇಳು ತೊಲ ಹೊರಿಸಿದ್ದೀರ."

ಅವರು ತಲೆ ಕೆರೆದುಕೊಂಡರು. "ಅಂಗಲ್ಲ ಕಣಪ್ಪ... ದೊಂಬರ ಹುಡುಗಿ ಹಗ್ಗದ್ ಮೇಲೆ ನಡೀತಾಳಲ್ಲ, ಉದ್ದದ್ ಗಳ ಹಿಡ್ಕೊಂಡು. ಆ ಗಳ ಎರಡು ಕಡೆಗೂ ಸಮಾನೇ ಇರ್ತದೆ. ಹಂಗಂತ ಗಳ ಕಿತ್ಕೊಂಡ್ರೆ ಬಿದ್ದೋಗಲ್ವಾ ಅವ್ಳು?"

ಈ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೋ... ಆ ಸಂಜೆ ಮಾತ್ರ ನನಗೆ ಅದು ಹಳ್ಳಿ ಮಾತಾಗಿ ಕೇಳಿಸಿತು. "ಅದು ಬೇರೆ ಮಾವ," ಎಂದೆ. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಶೆಡ್ಡಿನಲ್ಲಿ ಅವರು ಎರಡು ಸೀಸವನ್ನೂ ತೆಗೆದರು. ಕಾಲೇಜು ಅರ್ಧ ದಿನ, ನಾನೂ ಹೋಗಿದ್ದೆ. ಬರಿದಾದ ಕೋಲನ್ನು ಅಲಗಿನ ಮೇಲೆ ಇಟ್ಟೆವು. ನಿನ್ನೆಯ ಸೀಮೆಸುಣ್ಣದ ಗುರುತಿನ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಂತಿತು. ಮೇಸ್ತ್ರಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಆ ನೋಟದಲ್ಲಿದ್ದ ಗೌರವ ನನ್ನ ಸ್ವಂತ ಅಪ್ಪನ ಕಣ್ಣಲ್ಲೂ ನಾನು ಕಂಡಿರಲಿಲ್ಲ.

ಆದರೂ ಕೋಲನ್ನು ಕೈಗೆತ್ತಿಕೊಂಡು ನಾಲ್ಕು ಸಲ ತೂಗಾಡಿಸಿ ನಿಂತುಬಿಟ್ಟರು. "ಯಾಕೋ ಖಾಲಿ ಖಾಲಿ ಅನ್ನುಸ್ತದಲ್ಲಪ್ಪ ಕೈಗೆ."

"ಕೈ ನಂಬಬೇಡಿ ಮಾವ," ಎಂದೆ ನಾನು. "ಲೆಕ್ಕ ನಂಬಿ."

ಅವರು ನಂಬಿದರು.

ಭಾನುವಾರ ಬೆಳಗ್ಗೆ ಅಪ್ಪನ ಜೊತೆ ನಾನೂ ಮೈದಾನದ ಬೇಲಿಯ ಬಳಿ ನಿಂತಿದ್ದೆ. ಮೊದಲ ಗುಳಿ. ಜಡ್ಜ್ ಸಾಹೇಬರ ಚೆಂಡು ಗುಳಿಯಿಂದ ಒಂದು ಮಾರು ದೂರದಲ್ಲಿ ಬಂದು ನಿಂತಿತು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಮರಳಿನಂಚಿನಲ್ಲಿ ನಿಂತಿದ್ದರು. ಸಾಹೇಬರು ಪಟರ್ ಹಿಡಿದು ಬಾಗಿದರು. ಕೋಲಿನ ತಲೆ ಚೆಂಡಿನ ಹಿಂದೆ ಟಕಟಕ ಕುಣಿಯತೊಡಗಿತು. ಅವರು ಒಮ್ಮೆ ನೆಟ್ಟಗಾಗಿ, ಉಸಿರೆಳೆದು, ಮತ್ತೆ ಬಾಗಿದರು. ಇನ್ನೂ ಜೋರಾಗಿ ಕುಣಿಯಿತು. ತಳ್ಳಿದರು. ಚೆಂಡು ಗುಳಿಯ ಪಕ್ಕದಲ್ಲಿ ಹಾದು ಮರಳು ದಾಟಿ ಹುಲ್ಲಿಗೆ ಹೋಯಿತು. ಅಲ್ಲಿಂದ ವಾಪಸು ತಳ್ಳಿದ್ದು ಈಚೆ ಬದಿಗೆ ಬಂತು. ಯಾರೋ ಕೆಮ್ಮಿದರು. ನಾಲ್ಕನೆಯ ಸಲ ಕೋಲು ಚೆಂಡಿಗೆ ತಾಗಲೇ ಇಲ್ಲ, ಮರಳು ಹಾರಿತು.

ಜಡ್ಜ್ ಸಾಹೇಬರು ಕೋಲನ್ನು ಮರಳಿನ ಮೇಲೆ ಮಲಗಿಸಿದರು. ಎಸೆಯಲಿಲ್ಲ, ಮಲಗಿಸಿದರು.

"ಮೇಸ್ತ್ರಿ, ಇದು ಅದೇ ಕೋಲೇನಯ್ಯ?"

"ಅದೇ ಸ್ವಾಮಿ."

ಅಷ್ಟೇ ಅವರು ಹೇಳಿದ್ದು. ಬೇಲಿಯ ಕಡೆ ಕೈ ತೋರಿಸಬಹುದಿತ್ತು. ಕಣ್ಣು ಕೂಡ ತಿರುಗಿಸಲಿಲ್ಲ. ಸಾಹೇಬರು ಸೆಕ್ರೆಟರಿಗೆ ಏನೋ ಹೇಳಿ ಕಾರಿನ ಕಡೆಗೆ ನಡೆದರು. ಆಮೇಲೆ ಅವರು ಮೈದಾನಕ್ಕೆ ಬರಲಿಲ್ಲ. ಅಪ್ಪ ಹಲಗೆ ಎಳೆದುಕೊಂಡು ಹೋಗಿ ಅವರ ಹೆಜ್ಜೆಗಳನ್ನೆಲ್ಲ ಸಮ ಮಾಡಿದರು.

ಸಂಜೆ ನಾನು ಎದುರುಮನೆಗೆ ಹೋದೆ. ಸೀಸ ಮತ್ತೆ ಹಾಕಿ ನೋಡೋಣವಾ ಎಂದು ಕೇಳಬೇಕೆಂದಿದ್ದೆ. ಮೇಸ್ತ್ರಿಯೇ ಮೊದಲು ಮಾತಾಡಿದರು. "ನಿನ್ ಲೆಕ್ಕದಲ್ಲಿ ತಪ್ಪಿಲ್ಲ ಬುಡು. ಗುರುತಿನ್ ಮೇಲೆ ನಿಂತಿದ್ದು ನಾನೇ ನೋಡಿದ್ನಲ್ಲ. ನಾನೇ ಹಿಡೀಲಿ ಎಲ್ಲೋ ಎಡವಟ್ ಮಾಡಿದೀನಿ." ಆ ಮಾತು ಕೇಳಿ ನನಗೆ ಆದದ್ದು ದುಃಖವಲ್ಲ. ಸಮಾಧಾನ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹನ್ನೆರಡು ದಿನದ ಮೇಲೆ ನಮ್ಮ ಮೇಷ್ಟ್ರು ತರಗತಿಗೆ ಒಂದು ತಿರುಗುವ ಸ್ಟೂಲು ತರಿಸಿದರು. ಒಬ್ಬ ಹುಡುಗನನ್ನು ಅದರ ಮೇಲೆ ಕೂರಿಸಿ, ಎರಡೂ ಕೈಗೆ ಒಂದೊಂದು ಕಬ್ಬಿಣದ ಗುಂಡು ಕೊಟ್ಟು, ಕೈ ಚಾಚು ಎಂದು ತಿರುಗಿಸಿದರು. ಸ್ಟೂಲು ಜಗ್ಗಲೊಲ್ಲದು, ಮೆಲ್ಲಗೆ, ಗಜಗಮನದಲ್ಲಿ ತಿರುಗಿತು. ಕೈ ಮಡಿಚು ಎಂದರು. ಗಿರ್ರನೆ ಸುತ್ತಿತು. ತರಗತಿಯೆಲ್ಲ ನಕ್ಕಿತು. "ಭಾರ ಎಷ್ಟು ಅನ್ನೋದು ಮಾತ್ರ ಅಲ್ಲ, ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನೋದು ಮುಖ್ಯ," ಎಂದು ಬೋರ್ಡಿನ ಮೇಲೆ ಮೊಮೆಂಟ್ ಆಫ್ ಇನರ್ಷಿಯಾ ಎಂದು ಬರೆದರು. ಭಾರ ತುದಿಗಳಲ್ಲಿದ್ದರೆ ವಸ್ತು ಸುಲಭಕ್ಕೆ ಅಲುಗುವುದಿಲ್ಲ. ತೂಗಿ ನಿಲ್ಲುವ ಗುರುತು ಮಾತ್ರ ಇದ್ದಲ್ಲೇ ಇರುತ್ತದೆ.

ದೊಂಬರ ಹುಡುಗಿಯ ಗಳ. ಜಡ್ಜ್ ಸಾಹೇಬರ ಕೋಲು.

ಶೆಡ್ಡಿಗೆ ಬೀಗ ಬೀಳಲು ಆಗ ಇನ್ನೂ ಒಂಬತ್ತು ದಿನ ಇತ್ತು. ಆ ಸಂಜೆಯೇ ಹೋಗಿ ಹೇಳಬಹುದಿತ್ತು. ಜಡ್ಜ್ ಸಾಹೇಬರ ಮನೆ ಎಲ್ಲಿ ಎಂದು ನನಗೆ ಗೊತ್ತಿತ್ತು, ಎರಡು ಸೀಸವೂ ಶೆಡ್ಡಿನ ಗೂಡಿನಲ್ಲೇ ಇದ್ದವು. ಒಂದು ಗಂಟೆಯ ಕೆಲಸ. ಹೋಗಲಿಲ್ಲ. ನಾಳೆ ಎಂದುಕೊಂಡೆ. ಮರುದಿನವೂ ನಾಳೆ ಎಂದುಕೊಂಡೆ. ಬಿಯೆಸ್ಸಿಯ ಲೆಕ್ಕ ತಪ್ಪಂತೆ ಎಂದು ಗಲ್ಲಿಯಲ್ಲಿ ಮಾತಾಗುವುದನ್ನು ಊಹಿಸಿದರೇ ಕಿವಿ ಬಿಸಿಯಾಗುತ್ತಿತ್ತು. ಅಪ್ಪ ನನ್ನನ್ನು ತೋರಿಸಿ ಮಾತಾಡುತ್ತಿದ್ದರಲ್ಲ ಎಲ್ಲರ ಹತ್ತಿರ... ಹೀಗೆ ಒಂಬತ್ತು ದಿನ ಕಳೆದವು. ತಿಂಗಳ ಕೊನೆಗೆ ಬೀಗ ಬಿತ್ತು. ಮೇಸ್ತ್ರಿ ಒಲೆ, ಸೌಟು, ಅರ, ಚೊಂಬು ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಹಾಕಿಕೊಂಡು ನಡೆದು ಮನೆಗೆ ಬಂದರು.

ಕೆಲಸ ಹೋದದ್ದು ಒಂದು. ಬೇರೆ ಕೆಲಸ ಸಿಕ್ಕಿತು, ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಗೇಟು ಕಾಯುವುದು. ಹೊಟ್ಟೆಗೆ ತೊಂದರೆಯಾಗಲಿಲ್ಲ. ನಾನು ಹೇಳಬೇಕಾದ್ದು ಅದಲ್ಲ.

ಒಂದು ದಿನ ಅತ್ತೆ, ಅಂದರೆ ಮೇಸ್ತ್ರಿಯ ಹೆಂಡತಿ, ಒನಕೆಯ ತುದಿಯ ಕಬ್ಬಿಣದ ಬಳೆ ಸಡಿಲವಾಗಿದೆ, ಬೇರೆ ಹಾಕಿಕೊಡಿ ಎಂದರಂತೆ. ಮೇಸ್ತ್ರಿ ಒನಕೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. "ಎಷ್ಟು ತೊಲದ್ದು ಹಾಕ್ಲಪ್ಪ? ಲೆಕ್ಕ ಹಾಕ್ಕೊಡು."

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ಒನಕೆಗೆ!

"ನಿಮ್ಮ ಕೈಗೆ ಗೊತ್ತಾಗಲ್ವಾ ಮಾವ?" ಎಂದೆ.

"ಅಯ್ಯೋ, ಈ ಕೈನ ನಂಬ್ಕೊಂಡು ಆಗಿದ್ದು ಸಾಕು ಬುಡಪ್ಪ."

ಆಗಲೂ ಹೇಳಲಿಲ್ಲ ನಾನು. ಒಂದು ಸಂಖ್ಯೆ ಹೇಳಿದೆ. ಬಾಯಿಗೆ ಬಂದದ್ದು. ಅವರು ಅಷ್ಟನ್ನೇ ತೂಗಿಸಿ ತಂದು ಹಾಕಿದರು. ಆಮೇಲೆ ಮಗಳ ಕೂಸಿನ ತೊಟ್ಟಿಲ ಹಗ್ಗಕ್ಕೆ, ಬಾವಿಯ ರಾಟೆಗೆ, ಬಾಗಿಲ ಅಗುಳಿಗೆ, ಎಲ್ಲಕ್ಕೂ ನನ್ನ ಹತ್ತಿರ ಬರುತ್ತಿದ್ದರು. ನಾನು ಪಾಸಾದೆ, ಎಂ.ಎಸ್ಸಿ.ಯೂ ಮುಗಿಸಿ ಊರಿನ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದೆ. "ನೀನು" ಎನ್ನುತ್ತಿದ್ದವರು "ನೀವು" ಎನ್ನತೊಡಗಿದರು. ಬೇಡ ಮಾವ ಎಂದರೆ, "ಅದೆಂಗಾದೀತು, ಲೆಕ್ಚರರು ನೀವು," ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಆ ಸ್ಟೂಲಿನ ಪಾಠ ನಾನೇ ಮಾಡಬೇಕಾಗಿ ಬರುತ್ತಿತ್ತು. ಹುಡುಗರು ನಗುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ.

ಅವರಿಗೆ ಎದೆಯ ಕಾಯಿಲೆ ಬಂದು ಹಾಸಿಗೆ ಹಿಡಿದಾಗ ನನಗೆ ಮದುವೆಯಾಗಿ ಒಂದು ಮಗು ಇತ್ತು. ಇನ್ನು ತಡೆಯಲಾಗದೆ ಒಂದು ಭಾನುವಾರ ಬೆಳಗ್ಗೆ ಹೋದೆ. ಕೈಯಲ್ಲಿ ಎರಡು ಮೊಳದ ಒಂದು ಬಿದಿರು ಕಡ್ಡಿ, ಎರಡು ಉಂಡೆ ಜೇಡಿಮಣ್ಣು. ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಈಳಿಗೆಮಣೆ, ಸೀಮೆಸುಣ್ಣ, ಸ್ಟೂಲು, ಒಂಬತ್ತು ದಿನ, ಒಂದನ್ನೂ ಬಿಡಲಿಲ್ಲ. ನಿಮ್ಮ ಕೈ ಸರಿ ಇತ್ತು ಮಾವ, ನನ್ನ ಲೆಕ್ಕ ತಪ್ಪು, ಎಂದೆ.

ಅವರು ದಿಂಬಿನ ಮೇಲೆ ಮೆಲ್ಲಗೆ ನನ್ನ ಕಡೆ ಹೊರಳಿದರು. ಆಮೇಲೆ ಮುಖದಲ್ಲಿ ನಗು ಬಂತು.

"ನಿಮ್ದು ದೊಡ್ಡ ಮನ್ಸು ಸ್ವಾಮಿ. ಸಾಯೋ ಮುದುಕ ನೊಂದ್ಕೊಂಡು ಹೋಗ್ಬಾರ್ದು ಅಂತ ನಿಮ್ ಲೆಕ್ಕಾನೇ ಸುಳ್ಳು ಅಂತೀರಲ್ಲ. ಓದ್ದೋರು ಅಂದ್ರೆ ಇಂಗಿರಬೇಕು."

"ಇಲ್ಲ ಮಾವ, ನಿಜವಾಗಿ," ಎಂದು ಕಡ್ಡಿಯ ನಡುವೆ ಎರಡು ಉಂಡೆ ಮಣ್ಣನ್ನೂ ಒತ್ತಿ ಅವರ ಕೈಗೆ ಕೊಟ್ಟೆ. "ಅಲುಗಾಡಿಸಿ." ಅಲುಗಾಡಿಸಿದರು. ಆಮೇಲೆ ಅದೇ ಮಣ್ಣನ್ನು ಎರಡು ತುದಿಗೆ ಒತ್ತಿ ಮತ್ತೆ ಕೊಟ್ಟೆ. "ಈಗ? ಕೈಗೆ ಏನನ್ನಿಸುತ್ತೆ ಹೇಳಿ."

ಅವರ ಕೈ ಕಡ್ಡಿಯನ್ನು ಹಿಡಿದು ಒಮ್ಮೆ ತಿರುಗಿಸಿತು. ಉಗುರಿಲ್ಲದ ಆ ಹೆಬ್ಬೆರಳು ಬಿದಿರಿನ ಮೇಲೆ ಅರೆಗಳಿಗೆ ನಿಂತಿತು. ಮುಖದಲ್ಲಿ ಏನೋ ಬಂದ ಹಾಗಾಯಿತು... ಬಂದೇಬಿಟ್ಟಿತು ಎಂದುಕೊಂಡೆ ನಾನು. ಅವರು ಕಡ್ಡಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ಕೈಗೇನ್ ಗೊತ್ತಾಗ್ತದೆ ಸ್ವಾಮಿ," ಎಂದರು.

ಎಂಟು ದಿನದಲ್ಲಿ ತೀರಿಕೊಂಡರು. ಗೋಣಿಚೀಲವನ್ನು ಅತ್ತೆ ಗುಜರಿಯವನಿಗೆ ಕೊಟ್ಟರು. ಅವರ ಕೆಲಸ ಕಲಿತವರು ಯಾರೂ ಇರಲಿಲ್ಲ.

ಪ್ಲಂಬರು ಕೆಲಸ ಮುಗಿಸಿ ಹೋದ ಮರುವಾರ ನಾನು ವಿಳಾಸ ಹುಡುಕಿಕೊಂಡು ಗೋಕುಲಂಗೆ ಹೋದೆ. ಮೇಸ್ತ್ರಿಯ ಮಗಳು ಅಲ್ಲಿ ತನ್ನ ಮಗನ ಮನೆಯಲ್ಲಿದ್ದಾಳೆ. ತಲೆ ನರೆತಿದೆ. ಬಾಗಿಲು ತೆರೆದವಳೇ ಗುರುತು ಹಿಡಿದು, "ಅಯ್ಯೋ ಅಣ್ಣ, ಬನ್ನಿ ಬನ್ನಿ," ಎಂದು ಒಳಗೆ ಕರೆದು ಕೂರಿಸಿದಳು. ಅವಳಿಗಾದರೂ ನಿಜ ಹೇಳಬೇಕು, ಆ ಮನೆಯಲ್ಲಿ ಒಬ್ಬರಾದರೂ ಅದನ್ನು ಇಟ್ಟುಕೊಂಡಿರಲಿ ಎಂದು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕೂಗಿದಳು.

"ಬಾಮ್ಮ ಇಲ್ಲಿ, ಇವ್ರೇ ಕಣೇ ಅವ್ರು. ನಾನ್ ಹೇಳ್ತಿರ್ಲಿಲ್ವಾ? ನಮ್ಮಪ್ಪ ಸಾಯೋವಾಗ ಹಾಸಿಗೆ ಪಕ್ಕ ಕೂತ್ಕೊಂಡು, ತಪ್ಪು ನಂದೇ ಅಂತ ತಮ್ ತಲೆ ಮೇಲೆ ಹಾಕ್ಕೊಂಡೋರು. ಅಪ್ಪ ಎಷ್ಟ್ ಹೇಳ್ತಿದ್ರು ಗೊತ್ತಾ, ಕೊನೇ ದಿನದವರ್ಗೂ."

"ಅದು ನಿಜವಾಗಿಯೂ ನನ್ನ ತಪ್ಪಮ್ಮ," ಎಂದೆ. "ನಿಮ್ಮಪ್ಪನ ಕೈ ಸರಿಯಿತ್ತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನೋಡ್ದಾ? ಇವತ್ತಿಗೂ ಅದೇ ಅಂತಾರೆ. ನಮಸ್ಕಾರ ಮಾಡ್ಕೊಳಮ್ಮ."

ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.